ತುದಿಯಲ್ಲಿ ಉರುಟಾಗುವ ಅಕ್ಷರ

ಕನ್ನಡ ಲಿಪಿ ದುಂಡಗಿದೆ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಅಕ್ಷರದ ಮೈ. ಇಂಗ್ಲಿಷ್ ಅಕ್ಷರಗಳ ‘ರೌಂಡೆಡ್ ಸ್ಯಾನ್ಸ್-ಸೆರಿಫ್’ (ಗೆರೆಯ ಕೊನೆಗೆ ‘ಸೆರಿಫ್’ ಎಂಬ ಪುಟ್ಟ ಅಡ್ಡಗೀಟು ಇಲ್ಲದ, ತುದಿ ಉರುಟಾದ) ಎಂಬ ಬಗೆಯ ಫಾಂಟುಗಳಲ್ಲಾದರೋ ದುಂಡಗಾಗುವುದು ಗೆರೆಯ ತುದಿ. ಅಲ್ಲಿನ ‘ಎಲ್’ ನೆಟ್ಟಗೇ ನಿಂತಿರುತ್ತದೆ, ಆದರೆ ಮೇಲೂ ಕೆಳಗೂ ಕತ್ತರಿಸಿದಂತೆ ಮುಗಿಯದೆ ಕ್ಯಾಪ್ಸೂಲ್ ಮಾತ್ರೆಯಂತೆ ಉರುಟಾಗಿ ಮುಗಿಯುತ್ತದೆ.

ಇಂಥ ತುದಿಯನ್ನು ಎಷ್ಟೋ ಉಪಕರಣಗಳು ತಾವಾಗಿಯೇ ಮೂಡಿಸುತ್ತವೆ. ಅಕ್ರಿಲಿಕ್ ಹಾಳೆಯಲ್ಲಿ ನಾಮಫಲಕ ಕೊರೆಯುವ ಯಂತ್ರದ 3 ಮಿ.ಮೀ. ವ್ಯಾಸದ ಬಿಟ್ ಗಿರಗಿರನೆ ತಿರುಗುತ್ತಲೇ ಮುಂದೆ ಸಾಗುವುದರಿಂದ, ಅದು ನಿಂತಲ್ಲೆಲ್ಲ 1.5 ಮಿ.ಮೀ. ತ್ರಿಜ್ಯದ ಅರ್ಧವೃತ್ತ ಉಳಿಯುತ್ತದೆ. ಗುಂಡು ಮೊನೆಯ ಮಾರ್ಕರ್ ಪೆನ್ನಿನದೂ ಇದೇ ಕಥೆ.

ಈ ಬಗೆಯ ಹೆಸರಾಂತ ಫಾಂಟ್ ‘ವ್ಯಾಗ್ ರೌಂಡೆಡ್’ 1979ರಲ್ಲಿ ಸಿದ್ಧವಾದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗಾಗಿ. ಮುಂದೆ ಆ್ಯಪಲ್ ಕಂಪನಿಯ ಕೀಬೋರ್ಡುಗಳ ಮೇಲೆ ವರ್ಷಗಟ್ಟಲೆ ಕಾಣಿಸಿಕೊಂಡು, ಹೆಸರು ತಿಳಿಯದವರ ಕಣ್ಣಿಗೂ ಅದು ಪರಿಚಿತವಾಯಿತು.

ಗೆರೆಯ ಕೊನೆಗೆ ಅರ್ಧವೃತ್ತ ಅಂಟಿಸಿದರೆ ಕೆಲಸ ಮುಗಿಯಿತೆಂದು ಯಾರಿಗಾದರೂ ಅನ್ನಿಸಬಹುದು, ಆದರೆ ಕಣ್ಣು ಅದನ್ನು ಒಪ್ಪುವುದಿಲ್ಲ. ಚೌಕ ತುದಿಯನ್ನು ಅರ್ಧವೃತ್ತವಾಗಿ ಉರುಟುಗೊಳಿಸಿದಾಗ ಆ ತುದಿಯ ಆಯತದಲ್ಲಿ ಶೇ. 21ಕ್ಕೂ ಹೆಚ್ಚು ಕಪ್ಪು ಕಳೆದುಹೋಗಿ, ಗೆರೆ ಗಿಡ್ಡವಾದಂತೆ ತೋರುತ್ತದೆ. ಆದ್ದರಿಂದ ವಿನ್ಯಾಸಕ ಅದನ್ನು ಕೂದಲೆಳೆಯಷ್ಟು ಉದ್ದ ಮಾಡಬೇಕಾಗುತ್ತದೆ. ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ನೇರ ಗೆರೆ ವೃತ್ತಕ್ಕೆ ಸೇರುವ ಬಿಂದುವಿನಲ್ಲಿ ಬಾಗು ಸೊನ್ನೆಯಿಂದ ಒಮ್ಮೆಲೇ ಮೇಲೇರುವುದರಿಂದ ಅಲ್ಲಿ ಸಣ್ಣ ಉಬ್ಬು ಇದ್ದಂತೆ ಭಾಸವಾಗುತ್ತದೆ. ನೇರ ರೈಲು ಹಳಿಯನ್ನು ತಿರುವಿಗೆ ಜೋಡಿಸುವಾಗ ಎಂಜಿನಿಯರುಗಳು ನಡುವೆ ನಿಧಾನವಾಗಿ ಬಾಗುವ ತುಂಡೊಂದನ್ನು ಇಡುತ್ತಾರಲ್ಲ, ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ. ಅಂದರೆ, ಕಣ್ಣಿಗೆ ಅಚ್ಚುಕಟ್ಟಾಗಿ ದುಂಡಗೆ ಕಾಣುವ ತುದಿ ಕೈವಾರದ ಪಾಲಿಗೆ ದುಂಡಗಿರಬೇಕೆಂದೇನಿಲ್ಲ.

ಇಂಥ ಅಕ್ಷರಗಳು ಸ್ನೇಹಪರವಾಗಿ ಕಾಣುತ್ತವೆ ಎಂಬ ಮಾತು ಜಾಹೀರಾತಿನವರಿಗೆ ಬಾಯಿಪಾಠ. ಸಂಶೋಧಕರಾದ ಮೋಶೆ ಬಾರ್ ಮತ್ತು ಮೈಟಲ್ ನೇಟಾ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಚೂಪು ಅಂಚಿನ ವಸ್ತುಗಳಿಗಿಂತ ಬಾಗಿದ ಅಂಚಿನವನ್ನು ಹೆಚ್ಚು ಮೆಚ್ಚಿದ್ದು ನಿಜ. ಆದರೆ ಆ ಮೆಚ್ಚುಗೆಯನ್ನು ಹಾಗೆಯೇ ಓದಿನ ಸುಲಭತೆಗೆ ಆರೋಪಿಸುವುದು ಆತುರವಾದೀತು. ಗೆರೆಯ ದಪ್ಪ ಒಂದೇ ಪಿಕ್ಸೆಲ್ ಇರುವಷ್ಟು ಚಿಕ್ಕ ಅಳತೆಯಲ್ಲಿ ತುದಿಯ ಉರುಟನ್ನು ತೋರಿಸಲು ಜಾಗವೇ ಇರುವುದಿಲ್ಲ. ಉಳಿಯುವುದು ಬರಿಯ ಮಸುಕು. ಫಲಕ, ಶೀರ್ಷಿಕೆ, ಮಕ್ಕಳ ಪುಸ್ತಕದ ಮುಖಪುಟಗಳಲ್ಲಿ ಮಾತ್ರ ಆ ಉರುಟು ಕಳೆಗಟ್ಟುತ್ತದೆ.

ಕನ್ನಡದಲ್ಲಿ ಇದರ ಒಳ್ಳೆಯ ಉದಾಹರಣೆ ‘ಏಕ್ ಟೈಪ್’ ಬಳಗದ ಮುಕ್ತ ಫಾಂಟ್ ‘ಬಾಲೂ ತಮ್ಮ’. ತೆಲುಗಿನಲ್ಲಿ ‘ತಮ್ಮುಡು’, ತಮಿಳಿನಲ್ಲಿ ‘ತಂಬಿ’, ಮಲಯಾಳದಲ್ಲಿ ‘ಚೇಟ್ಟನ್’ ಎಂದು ಒಡಹುಟ್ಟಿದವರ ಹೆಸರನ್ನೇ ಹೊತ್ತ ಈ ಕುಟುಂಬಕ್ಕೆ ನಾಮಕರಣ ಮಾಡಿದವರ ವಿನೋದಕ್ಕೆ ಮೆಚ್ಚಬೇಕು. ಮೈಯೆಲ್ಲ ಮೊದಲೇ ದುಂಡಗಿರುವ ನಮ್ಮ ಅಕ್ಷರದಲ್ಲಿ ತುದಿಯ ಉರುಟು ಎದ್ದು ಕಾಣುವುದು ತಲೆಕಟ್ಟಿನ ಕೊನೆಯಲ್ಲಿ, ದೀರ್ಘದ ಬಾಲದಲ್ಲಿ. ತೊಂದರೆ ಇರುವುದು ಕೆಳಗಡೆ. ‘ಶಾಸ್ತ್ರ’ ಎಂದು ದಪ್ಪ ಗೆರೆಯಲ್ಲಿ ಬರೆದು ಅಳತೆಯನ್ನು ಇಳಿಸುತ್ತ ಹೋದರೆ, ತಲೆಕಟ್ಟು ಇನ್ನೂ ಸ್ಪಷ್ಟವಾಗಿರುವಾಗಲೇ ಸಕಾರದಡಿಯ ಎರಡು ಒತ್ತುಗಳ ನಡುವಣ ಬಿಳಿ ಜಾಗ ಮುಚ್ಚಿಹೋಗುತ್ತದೆ.