ಶುಗರ್ ಇದ್ದವರು ಜಿಂಕ್ ಮಾತ್ರೆ ತಗೊಂಡ್ರೆ ಕೊಲೆಸ್ಟ್ರಾಲ್ ಇಳಿಯುತ್ತಾ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 52. ಎಂಟು ವರ್ಷದಿಂದ ಶುಗರ್ ಇದೆ. ಈ ಸಲ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 260, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34 ಬಂದಿದೆ. ಜಿಂಕ್, ಕ್ರೋಮಿಯಂ ಕಮ್ಮಿಯಾದ್ರೆ ಹೀಗಾಗುತ್ತೆ, ಅದರ ಮಾತ್ರೆ ಸಾಕು ಅಂತ ಪರಿಚಯದವರು ಹೇಳ್ತಾರೆ. ಡಾಕ್ಟರ್ ಬರೆದ ಕೊಲೆಸ್ಟ್ರಾಲ್ ಮಾತ್ರೆ ಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ.

ಜಿಂಕ್‌ಗೂ ಶುಗರ್‌ಗೂ ನಂಟಿರುವುದು ನಿಜ. ನಮ್ಮ ಮೈ ಇನ್ಸುಲಿನ್ನನ್ನು ಕೂಡಿಡುವುದೇ ಜಿಂಕ್ ಜೊತೆ ಸೇರಿಸಿ. ಆದರೆ ರಕ್ತದಲ್ಲಿ ಸಕ್ಕರೆ ಏರಿದಾಗ ಮೂತ್ರ ಜಾಸ್ತಿ ಹೋಗುತ್ತದೆ, ಅದರ ಜೊತೆ ಜಿಂಕ್, ಮೆಗ್ನೀಸಿಯಂ ಕೂಡ ಹೋಗುತ್ತವೆ. ಹಾಗಾಗಿ ಎಷ್ಟೋ ಜನರಲ್ಲಿ ಶುಗರ್ ಹತೋಟಿ ತಪ್ಪಿದ ಮೇಲೆ ಈ ಕೊರತೆ ಕಾಣಿಸಿಕೊಳ್ಳುತ್ತದೆ. ಸೋರಿಕೆ ನಿಲ್ಲಬೇಕಾದರೆ ಮೊದಲು ಶುಗರ್ ಇಳಿಯಬೇಕು.

ಜಿಂಕ್ ಕೊಟ್ಟಾಗ ಕೊಬ್ಬು ಸ್ವಲ್ಪ ಇಳಿದದ್ದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಹಾರ್ಟ್ ಅಟ್ಯಾಕ್ ತಡೆಯುತ್ತದೆ ಅನ್ನುವ ಗಟ್ಟಿ ಪುರಾವೆ ಜಿಂಕ್‌ಗೆ ಇಲ್ಲ, ಕೊಲೆಸ್ಟ್ರಾಲ್‌ಗೆ ಡಾಕ್ಟರ್ ಸಾಮಾನ್ಯವಾಗಿ ಬರೆಯುವ ಸ್ಟ್ಯಾಟಿನ್ ಮಾತ್ರೆಗೆ ಇದೆ. ಇನ್ನೊಂದು ಮಾತು ಗಮನದಲ್ಲಿರಲಿ: ಜಿಂಕ್ ಅತಿಯಾದರೆ ಒಳ್ಳೆಯ ಕೊಲೆಸ್ಟ್ರಾಲೇ ಇಳಿಯುತ್ತದೆ. 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜಾಸ್ತಿ ಜಿಂಕ್ ತಗೊಂಡ ಆರೋಗ್ಯವಂತ ಗಂಡಸರ ಎಚ್‌ಡಿಎಲ್ ಸುಮಾರು ಕಾಲು ಭಾಗ ಕುಸಿದಿತ್ತು. ನಿಮ್ಮದು ಈಗಾಗಲೇ 34, ಗಂಡಸರಿಗೆ 40ರ ಮೇಲಿರಬೇಕು. ಊಟ, ಮಾತ್ರೆ ಎಲ್ಲ ಸೇರಿ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಜಿಂಕ್ ಮೇಲ್ಮಿತಿ. ಅಂಗಡಿಯಲ್ಲಿ ಒಂದೇ ಮಾತ್ರೆಯಲ್ಲಿ 50 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಕ್ರೋಮಿಯಂ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಶುಗರ್ ಇರುವ ಎಲ್ಲರೂ ಅದನ್ನು ತಗೊಳ್ಳಬೇಕು ಅನ್ನುವಷ್ಟು ಆಧಾರ ಸಿಕ್ಕಿಲ್ಲ.

ಟ್ರೈಗ್ಲಿಸರೈಡ್ 150ರ ಒಳಗಿರಬೇಕು, ನಿಮ್ಮದು 260. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಲಿವರ್ ಸಕ್ಕರೆಯನ್ನೂ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಎಣ್ಣೆ ಬಿಟ್ಟಿದ್ದೇನೆ ಅನ್ನುವವರ ರಿಪೋರ್ಟ್‌ನಲ್ಲೂ ಇದು ಏರುವುದು ಅದಕ್ಕೇ. ನಮ್ಮೂರಲ್ಲಿ ಸಂಜೆಯಾದರೆ ಮಂಡಕ್ಕಿ ಮಿರ್ಚಿ ಬೇಕೇ ಬೇಕು, ಅಲ್ವಾ? ಮಂಡಕ್ಕಿ ಹಗುರ ಅಂತ ತಟ್ಟೆ ತುಂಬ ತಿನ್ನುತ್ತೇವೆ. ಅದು ಅಕ್ಕಿಯೇ, ಬೇಗ ಸಕ್ಕರೆಯಾಗುತ್ತದೆ. ಪಕ್ಕದ ಮಿರ್ಚಿಯಲ್ಲಿ ಎಣ್ಣೆ. ತಟ್ಟೆಯಲ್ಲಿ ಮಂಡಕ್ಕಿ ಕಾಲು ಭಾಗಕ್ಕೆ ಇಳಿಸಿ, ಮೊಳಕೆ ಹೆಸರುಕಾಳು, ಈರುಳ್ಳಿ, ಸೌತೆಕಾಯಿ ಜಾಸ್ತಿ ಮಾಡಿ. ಮಿರ್ಚಿ ಬಿಟ್ಟು ಒಂದು ಹಿಡಿ ಹುರಿದ ಶೇಂಗಾ ಹಾಕಿಕೊಳ್ಳಿ. ಚಳ್ಳಕೆರೆ ಕಡೆ ಬೆಳೆಯುವ ಇದೇ ಶೇಂಗಾದ 100 ಗ್ರಾಂನಲ್ಲಿ ಸುಮಾರು 3 ಮಿಲಿಗ್ರಾಂ ಜಿಂಕ್, 150ಕ್ಕಿಂತ ಜಾಸ್ತಿ ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಒಂದು ಹಿಡಿ ಸಾಕು, ಅದರಲ್ಲೂ ಎಣ್ಣೆ ಇದೆ.

ಬಿಪಿಗೆ ನೀರಿಳಿಸುವ ಮಾತ್ರೆಯನ್ನೋ ಗ್ಯಾಸ್ಟ್ರಿಕ್ ಮಾತ್ರೆಯನ್ನೋ ವರ್ಷಗಟ್ಟಲೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಮೆಗ್ನೀಸಿಯಂ ಪರೀಕ್ಷೆ ಬೇಕಾ ಅಂತ ಕೇಳಿ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು ವಿಟಮಿನ್ ಬಿ12 ಕೂಡ ನೋಡಿಸಬೇಕು. ಕಿಡ್ನಿ ತೊಂದರೆ ಇದ್ದರೆ ಮೆಗ್ನೀಸಿಯಂ ಮಾತ್ರೆಯನ್ನು ನೀವಾಗಿಯೇ ಶುರು ಮಾಡಲೇಬೇಡಿ, ಅದು ಹೊರಹೋಗದೆ ರಕ್ತದಲ್ಲೇ ಉಳಿದು ಅಪಾಯ ತರಬಹುದು.