ಸೂಜಿ ಬೇಡ ಅನ್ನುವವರಿಗೆ ಸೂಜಿಯೇ ಬೇಕಂತೆ

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಹೋಗಿ, ಹಲ್ಲು ಅಲುಗಾಡುತ್ತದೆಯೇ, ಬೀಪಿ ಮಾತ್ರೆ ಯಾವುದು ಎಂದು ಕೇಳುವುದು ಅರಿವಳಿಕೆ ವೈದ್ಯೆಯಾದ ನನ್ನ ಕೆಲಸ. ಈಚೆಗೆ ನಾನು ಬಾಯಿ ತೆರೆಯುವ ಮೊದಲೇ ಮೊಬೈಲು ಮುಖದ ಮುಂದೆ ಬರುತ್ತದೆ. ಅದೇ ವಿಡಿಯೋ. ಚೀನಾದಲ್ಲಿ ಯುವತಿಯೊಬ್ಬಳಿಗೆ ಎದೆ ತೆರೆದು ಹೃದಯದ ಆಪರೇಷನ್. ಅವಳು ಎಚ್ಚರವಾಗಿಯೇ ಇದ್ದಾಳೆ, ಮೈಮೇಲೆ ಅಕ್ಯುಪಂಕ್ಚರಿನ ಸೂಜಿಗಳಿವೆ; ಅರಿವಳಿಕೆಯ ಬದಲು ಅವೇ ಸಾಕಂತೆ. 'ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ ಮೇಡಂ?'

ಆಗಲ್ಲ. ಅಲ್ಲೂ ಆಗಲಿಲ್ಲ.

ಅದು ಶಾಂಘೈಯಲ್ಲಿ ನಡೆದದ್ದು, 2006ರಲ್ಲಿ ಬಿಬಿಸಿ ತೋರಿಸಿದ್ದು. ಅವಳಿಗೆ ಮಂಪರು ತರಿಸುವ ಮಿಡಜೋಲಾಮ್, ಡ್ರೊಪೆರಿಡಾಲ್, ಬಲವಾದ ನೋವುನಿವಾರಕ ಫೆಂಟನಿಲ್ ಕೊಟ್ಟಿದ್ದರು; ಎದೆಗೆ ಮರಗಟ್ಟಿಸುವ ಇಂಜೆಕ್ಷನ್ ಬೇರೆ. ಅವು ಮೂರೂ ನನ್ನ ಟ್ರೇಯಲ್ಲಿ ಇರುವಂಥ ಔಷಧಿಗಳೇ. ಅಷ್ಟೆಲ್ಲ ಒಳಗೆ ಹೋದ ಮೇಲೆ ಸೂಜಿಯ ಪಾಲೆಷ್ಟು ಎಂದು ಬೇರೆ ಮಾಡಿ ಹೇಳುವವರು ಯಾರು?

ಈ ಕತೆಗೆ ಇನ್ನೂ ಹಳೆಯ ಬೇರಿದೆ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗ್‌ಗೆ ಹೋಗಿದ್ದಾಗ ಅವರ ಅಪೆಂಡಿಕ್ಸ್ ಕೈಕೊಟ್ಟಿತು. ಅಲ್ಲಿನ ಆಸ್ಪತ್ರೆಯವರು ಮಾಮೂಲಿನಂತೆ ಇಂಜೆಕ್ಷನ್ ಕೊಟ್ಟು, ಹೊಟ್ಟೆಯ ಭಾಗ ಮರಗಟ್ಟಿಸಿ, ಅದನ್ನು ತೆಗೆದರು. ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಸೂಜಿ ಬಂದದ್ದು ಆಮೇಲೆ, ಎರಡನೆಯ ರಾತ್ರಿ, ಹೊಟ್ಟೆ ಉಬ್ಬರಿಸಿ ಸಂಕಟವಾದಾಗ: ಬಲ ಮೊಣಕೈಗೂ ಮೊಣಕಾಲುಗಳ ಕೆಳಗೂ ಸೇರಿ ಮೂರು ಸೂಜಿ. ಜೊತೆಗೆ ನಮ್ಮ ಮಾಚಿಪತ್ರೆಯ ಕುಲದ ಸೊಪ್ಪಿನ ಸುರುಳಿ ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದರು. ಒಂದು ಗಂಟೆಯೊಳಗೆ ಹಗುರವಾಯಿತು ಎಂದು ರೆಸ್ಟನ್ ಬರೆದರು. ಅವರು ಬರೆದದ್ದು ಇಷ್ಟೇ. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅವರ ಅಪೆಂಡಿಕ್ಸನ್ನೇ ಸೂಜಿ ಚುಚ್ಚಿ ತೆಗೆದಂತಾಯಿತು.

ನಾನು ಅಕ್ಯುಪಂಕ್ಚರನ್ನು ಹೀಗಳೆಯುತ್ತಿಲ್ಲ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಹಳೆಯ ಸೊಂಟನೋವಿನ 1162 ಜನರ ಪೈಕಿ ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಸುಮಾರು 48 ಪ್ರತಿಶತ ಮಂದಿಗೆ ಗುಣ ಕಂಡಿತು, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 27. ತಮಾಷೆಯೆಂದರೆ ಬಿಂದು ತಪ್ಪಿಸಿ, ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ 44! ಇದರ ಅರ್ಥವೇನು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಹಳೇ ನೋವಿಗೆ ಪ್ರಯತ್ನಿಸುವುದಾದರೆ ಪ್ರಯತ್ನಿಸಿ, ಪ್ರತಿ ಸಲವೂ ಹೊಸ ಸೂಜಿ ಬಳಸುವವರ ಹತ್ತಿರ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಆದರೆ ನೋವು ತಗ್ಗುವುದು ಒಂದು, ಚರ್ಮ ಕೊಯ್ದರೂ ಗೊತ್ತಾಗದಿರುವುದು ಇನ್ನೊಂದು.

ಕಳೆದ ವರ್ಷ ಹರ್ನಿಯಾಕ್ಕೆ ಬಂದ ನಿವೃತ್ತ ಮೇಷ್ಟ್ರೊಬ್ಬರು ಅಕ್ಯುಪಂಕ್ಚರಿನಲ್ಲೇ ಆಪರೇಷನ್ ಆಗಲಿ ಎಂದು ಪಟ್ಟು ಹಿಡಿದರು. ಕೆದಕಿದರೆ ಚೀನಾದ ಮೇಲಿನ ಪ್ರೀತಿಯೇನಲ್ಲ, ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಭಯ. 'ನಮ್ಮ ನಾದಿನಿಗೆ ಅದಾದ ಮೇಲೆ ಜನ್ಮಕ್ಕಂಟಿದ ಬೆನ್ನುನೋವು ಮೇಡಂ.' ನಾನು ಬೆನ್ನಿಗೆ ಹಾಕುವ ಸೂಜಿ ಅರ್ಧ ಮಿಲಿಮೀಟರ್ ದಪ್ಪ, ಅಕ್ಯುಪಂಕ್ಚರಿನದು ಸಾಮಾನ್ಯವಾಗಿ ಅದರರ್ಧ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, 'ಹ್ಞೂಂ, ಕೊಡಿ' ಅಂದರು.

ಆಪರೇಷನ್ ಸಲೀಸಾಯಿತು. ಸಂಜೆ ನೋವಿಗೆಂದು ಕೊಟ್ಟ ಟ್ರಮಡಾಲ್‌ನಿಂದ ಹೊಟ್ಟೆ ತೊಳಸತೊಡಗಿತು. ವಾಂತಿಯ ಇಂಜೆಕ್ಷನ್ ಹಾಕಿಸಿ, ಅದರ ಜೊತೆಗೆ ಮಣಿಕಟ್ಟಿನ ಗೆರೆಯಿಂದ ಅವರದೇ ಮೂರು ಬೆರಳು ಮೇಲೆ, ಒಳಬದಿಯ ಎರಡು ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿಂದ ಒತ್ತಿ ಹಿಡಿದೆ. ಚೀನೀಯರು ನೇಗ್ವಾನ್ ಅನ್ನುವ ಜಾಗ ಅದು. ಆಪರೇಷನ್ ನಂತರದ ಓಕರಿಕೆಗೆ ಅದು ನೆರವಾಗುತ್ತದೆಂಬುದಕ್ಕೆ ತಕ್ಕಮಟ್ಟಿನ ಪುರಾವೆಯಿದೆ. ಐದು ನಿಮಿಷಕ್ಕೆ ಮೇಷ್ಟ್ರ ಮುಖ ತಿಳಿಯಾಯಿತು. ಔಷಧಿಯೋ ಬೆರಳೋ, ನಾನು ಹೇಳಲಾರೆ.

ಮರುದಿನ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಅವರು ಪಕ್ಕದ ಮಂಚದವರಿಗೆ ಮಣಿಕಟ್ಟು ತೋರಿಸುತ್ತಿದ್ದರು: 'ಇಲ್ಲಿ ನೋಡಿ, ಇಲ್ಲಿ ಒತ್ತಿ ಹಿಡ್ಕೊಂಡೇ ಆಪರೇಷನ್ ಮುಗಿಸಿಬಿಟ್ರು ನಮ್ ಮೇಡಂ.'