ಹಳೇ ಕಟ್ಟಡದಲ್ಲಿ ಔಷಧ ಪರೀಕ್ಷಾ ಲ್ಯಾಬ್: ಮೊದಲು ಬೀಮ್ ಎತ್ತರ ಅಳೆಯಿರಿ

ಆಫೀಸ್ ಆಗಿದ್ದ ಒಂದು ಮಹಡಿಯನ್ನು ಔಷಧ ಕಂಪನಿಯ ಕ್ಯೂಸಿ ಲ್ಯಾಬ್ (ಔಷಧದ ಗುಣಮಟ್ಟ ಪರೀಕ್ಷಿಸುವ ಜಾಗ) ಮಾಡಬೇಕು ಅಂದುಕೊಳ್ಳಿ. ಪೆನ್ಸಿಲ್ ಸಿಕ್ಕಿದ ಕೂಡಲೇ ನಾವು ಮಾಡುವುದು ಏನು? ರೂಮ್‌ಗಳ ಗೆರೆ ಎಳೆಯುವುದು. ಎಚ್‌ಪಿಎಲ್‌ಸಿ (ಔಷಧದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಯಂತ್ರ) ಇಲ್ಲಿ, ತಕ್ಕಡಿ ಅಲ್ಲಿ, ಸೂಕ್ಷ್ಮಜೀವಿ ಪರೀಕ್ಷೆಯ ಮೈಕ್ರೋಬಯಾಲಜಿ ಮೂಲೆಗೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಆದರೆ ಗೋಡೆ ಒಡೆದು ಹೊಸದು ಕಟ್ಟಬಹುದು, ಬೀಮ್ ಎತ್ತರಿಸೋಕೆ ಆಗಲ್ಲ. ಲ್ಯಾಬಿಗೆ ಗಾಳಿ ತರುವ ದಪ್ಪ ಕೊಳವೆ, ಅಂದರೆ ಡಕ್ಟ್, ಆ ಬೀಮ್ ಕೆಳಗೇ ಹಾಯಬೇಕಾಗುತ್ತದೆ. ಅದಕ್ಕೇ ಈ ಟಿಪ್ಪಣಿ ಗಾಳಿಯ ಲೆಕ್ಕದಿಂದ ಶುರುವಾಗುತ್ತದೆ.

ಫ್ಯೂಮ್ ಹುಡ್ ಅಂದರೆ ಆಸಿಡ್, ಸಾಲ್ವೆಂಟ್‌ಗಳ ಹೊಗೆಯನ್ನು ಎಳೆದು ಹೊರಗೆ ಹಾಕುವ ಗಾಜಿನ ಕಪಾಟು. ಅಡುಗೆಮನೆ ಚಿಮಣಿಯ ದೊಡ್ಡಣ್ಣ ಅನ್ನಿ. ಅದರ ಬಾಯಿಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು 0.5 ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ಬಾಯಿ 1.5 ಮೀಟರ್ ಅಗಲ, ಗಾಜು ಎತ್ತಿದಾಗ 0.5 ಮೀಟರ್ ತೆರವು ಇದ್ದರೆ ಗಂಟೆಗೆ 1350 ಘನ ಮೀಟರ್ ಗಾಳಿ. 80 ಘನ ಮೀಟರಿನ ರೂಮಿನಲ್ಲಿ ಇಂಥದ್ದು ಒಂದೇ ಇದ್ದರೂ ಗಂಟೆಗೆ ಹದಿನೇಳು ಸಲ ರೂಮಿನ ಗಾಳಿಯೆಲ್ಲ ಖಾಲಿ! ಅಷ್ಟೇ ಹೊಸ ಗಾಳಿ ತಂಪಾಗಿ, ಸೋಸಿ ಒಳಗೆ ಬರಬೇಕು. ಹೊರಗೆ ಹೋದದ್ದನ್ನು ಮತ್ತೆ ಬಳಸುವ ಹಾಗಿಲ್ಲ. ಕರೆಂಟ್ ಬಿಲ್ ಎಲ್ಲಿಂದ ಬರುತ್ತದೆ ಅಂತ ಗೊತ್ತಾಯ್ತಲ್ವಾ?

ಮೂರು ಹುಡ್ ಇಟ್ಟರೆ ಹೊಸ ಗಾಳಿ ತರುವ ಡಕ್ಟ್ ಸುಮಾರು 40 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲ ಬೇಕು. ಇನ್ಸುಲೇಷನ್, ತೂಗುಹಾಕುವ ಪಟ್ಟಿ ಸೇರಿ 50 ಸೆಂ.ಮೀ. ಮಹಡಿಯಿಂದ ಮಹಡಿಗೆ 3.3 ಮೀಟರ್, ಬೀಮ್ ಆಳ 45 ಸೆಂ.ಮೀ. ಇದ್ದರೆ ಬೀಮ್ ಕೆಳಗೆ ಉಳಿಯುವುದು 2.85 ಮೀಟರ್. ಅದರಲ್ಲಿ ಡಕ್ಟ್, ಫಾಲ್ಸ್ ಸೀಲಿಂಗ್ ಕಳೆಯಿರಿ: 2.2 ಮೀಟರ್. ಸ್ಟ್ಯಾಂಡ್ ಮೇಲೆ ನಿಂತ ಹುಡ್ ಸಾಮಾನ್ಯವಾಗಿ ಅದಕ್ಕಿಂತ ಎತ್ತರ. ನಕ್ಷೆಯಲ್ಲಿ ಚೆಂದ ಕಂಡದ್ದು ರೂಮಿನೊಳಗೆ ನಿಲ್ಲುವುದೇ ಇಲ್ಲ.

ದಾರಿ ಇದೆ. ಹುಡ್‌ಗಳನ್ನು ಹೊರಗೋಡೆಗೆ ಸಾಲಾಗಿ ಇಡಿ. ಹೊಗೆ ಪೈಪನ್ನು ಗೋಡೆಯಾಚೆ ತೆಗೆದು ನೇರ ತಾರಸಿಗೆ ಏರಿಸಿ. ಡಕ್ಟ್ ಎರಡು ಬೀಮ್‌ಗಳ ನಡುವೆ, ಅವುಗಳ ಉದ್ದಕ್ಕೇ ಸಾಗಲಿ. ಸುಮ್ನೆ ಬೀಮ್‌ಗೆ ತೂತು ಕೊರೆಯುವ ಯೋಚನೆ ಮಾತ್ರ ಬೇಡ. ಫ್ಯಾನ್ ತಾರಸಿ ಮೇಲಿರಬೇಕು. ಆಗ ಪೈಪಿನೊಳಗೆ ಒತ್ತಡ ಕಡಿಮೆ, ಎಲ್ಲಾದರೂ ಬಿರುಕು ಬಿಟ್ಟರೂ ಹೊಗೆ ಹೊರಗೆ ಸೋರದೆ ಸುತ್ತಲಿನ ಗಾಳಿಯೇ ಒಳಗೆ ಹೋಗುತ್ತದೆ. ಹೊಗೆ ಬಿಡುವ ಬಾಯಿಯ ಪಕ್ಕದಲ್ಲೇ ಹೊಸ ಗಾಳಿ ಎಳೆಯುವ ಬಾಯಿ ಇಡಬೇಡಿ. ನಗಬೇಡಿ, ಜಾಗ ಸಾಲದಿದ್ದರೆ ಈ ತಪ್ಪು ಸುಲಭವಾಗಿ ಆಗುತ್ತದೆ.

ಇನ್ನು ನೆಲ. ಆಫೀಸ್ ರೂಮಿನ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 250 ಕೆಜಿ ಹೊರೆಗೆ ಲೆಕ್ಕ ಹಾಕಿರುತ್ತಾರೆ. ವಾಕ್-ಇನ್ ಸ್ಟೆಬಿಲಿಟಿ ಚೇಂಬರ್ (ಔಷಧ ಎಷ್ಟು ಕಾಲ ಕೆಡದೆ ಇರುತ್ತದೆ ಅಂತ ನೋಡಲು ನಿಗದಿತ ಬಿಸಿ, ತೇವದಲ್ಲಿ ಇಡುವ ದೊಡ್ಡ ಪೆಟ್ಟಿಗೆಕೋಣೆ), ಕಡತ ತುಂಬಿದ ಕಾಂಪ್ಯಾಕ್ಟರ್ (ಒತ್ತೊತ್ತಾಗಿ ಸರಿಸಿಡುವ ಕಪಾಟುಗಳು) ಇಡುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ತಕ್ಕಡಿಗೆ ಭಾರದ ಚಿಂತೆ ಇಲ್ಲ, ನಡುಕದ ಚಿಂತೆ. ಸ್ಲ್ಯಾಬಿನ ನಡುಭಾಗ ಜಾಸ್ತಿ ಅಲುಗುತ್ತದೆ. ಹಾಗಾಗಿ ಕಂಬದ ಹತ್ತಿರ, ಲಿಫ್ಟಿನಿಂದ ದೂರ, ಕಲ್ಲಿನ ಮೇಜಿನ ಮೇಲೆ. ಎಸಿ ಗಾಳಿ ನೇರ ಬೀಳಬಾರದು.

ಮೈಕ್ರೋಬಯಾಲಜಿಗೆ ಬೇರೆ ಜಾಗ, ಬೇರೆ ಎಎಚ್‌ಯು (ಗಾಳಿ ಸೋಸಿ, ತಂಪು ಮಾಡಿ ಕಳಿಸುವ ಯಂತ್ರ), ಏರ್‌ಲಾಕ್ (ಗಾಳಿ ಬೆರೆಯದಂತೆ ಎರಡು ಬಾಗಿಲಿನ ಪುಟ್ಟ ಕೋಣೆ) ಬೇಕು. ಇಲ್ಲಿ ಜಾಗ ಉಳಿಸಲು ಹೋಗಬೇಡಿ. ಕ್ಯೂಸಿ ಲ್ಯಾಬ್ ಉತ್ಪಾದನೆಯಿಂದ ಬೇರೆಯಾಗಿರಬೇಕು ಅನ್ನುವುದು ನಮ್ಮ ದೇಶದ ಔಷಧ ನಿಯಮಗಳಲ್ಲಿ ತಯಾರಿಕೆಗೆ ಇರುವ ಶೆಡ್ಯೂಲ್ ಎಂ ನಿಯಮ. ಅದರ ಪರಿಷ್ಕೃತ ರೂಪ 2023ರ ಡಿಸೆಂಬರ್ ಕೊನೆಗೆ ಹೊರಬಂತು. ಲ್ಯಾಬಿನ ಕೆಲಸದ ರೀತಿಗೆ ಅದೇ ನಿಯಮಗಳ ಶೆಡ್ಯೂಲ್ ಎಲ್-1 ಓದಿ. ಗ್ಯಾಸ್ ಸಿಲಿಂಡರ್‌ಗಳು, ಸಾಲ್ವೆಂಟ್ ದಾಸ್ತಾನು ಹೊರಗೇ ಇರಲಿ.

ಹಳೇ ಲ್ಯಾಬ್ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಒಡೆಯುವ ಕೆಲಸವಿದ್ದರೆ ಚೇಂಜ್ ಕಂಟ್ರೋಲ್ (ಏನು ಬದಲಾಗುತ್ತದೆ, ಅದರಿಂದ ಏನಾಗಬಹುದು ಅಂತ ಮೊದಲೇ ಬರೆದು ಒಪ್ಪಿಗೆ ಪಡೆಯುವ ಕಾಗದ) ಬರೆದು ಮುಗಿಸಿ, ಆಮೇಲೆ ಸುತ್ತಿಗೆ ಎತ್ತಿ. 40 ಡಿಗ್ರಿ, 75 ಶೇಕಡಾ ತೇವದಲ್ಲಿ ಆರು ತಿಂಗಳು ಇಡಬೇಕಾದ ಮಾತ್ರೆಗಳು ಅಲ್ಲೇ, ಹಳೇ ಸ್ಟೆಬಿಲಿಟಿ ಚೇಂಬರಿನಲ್ಲಿ ಇರುತ್ತವೆ. ಹೊಸ ಚೇಂಬರಿನ ಮೂಲೆಮೂಲೆಗೂ ಸೆನ್ಸರ್ ಇಟ್ಟು, ಮ್ಯಾಪಿಂಗ್ (ಎಲ್ಲ ಕಡೆ ಬಿಸಿ, ತೇವ ಸರಿಯಾಗಿದೆಯೇ ಅನ್ನುವ ಪರೀಕ್ಷೆ) ಮುಗಿಸಿ, ಅನುಮೋದನೆ ಸಿಕ್ಕ ಮೇಲಷ್ಟೇ ಅವನ್ನು ಸಾಗಿಸಬೇಕು. ಅಲ್ಲಿಯವರೆಗೆ ಹಳೇ ಚೇಂಬರಿನ ಕರೆಂಟ್ ಲೈನ್ ಮುಟ್ಟಬೇಡಿ ಅಂತ ಎಲೆಕ್ಟ್ರಿಷಿಯನ್‌ಗೆ ಬರೆದೇ ಕೊಡಿ.